ಕಾಲ ಕೆಳಗಿನ ಜಂತಿ

ಮನುಷ್ಯ ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಅರಿತುಕೊಳ್ಳಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದ ಹಿರಿಯರೆಲ್ಲ ಗಟ್ಟಿ ನೆಲದ ಮೇಲೆ ನಿಂತು ಹೇಳಿದವರು. ಮುಂಬಯಿಯ ಪರೇಲಿನಲ್ಲಿ, ಸಾಲುಕೋಣೆಗಳ ಚಾಳೊಂದರ ಮೊದಲನೆಯ ಮಾಳಿಗೆಯಲ್ಲಿ, ಗೋಡೆಯಿಂದ ಗೋಡೆಗೆ ಹಾಕಿದ ಮರದ ಜಂತಿಗಳ ಮೇಲೆ, ಆ ಜಂತಿಗಳಿಗೆ ಬಡಿದ ಹಲಗೆಗಳ ಮೇಲೆ ಸಂಸಾರ ಹೂಡಿದವನಿಗೆ ಆ ಮಾತು ಹೊಂದುವುದಿಲ್ಲ. ಅವನು ಅರಿಯದೆ ಇದ್ದರೇ ಕ್ಷೇಮ. ನಾನು ಒಂಬತ್ತು ವರ್ಷ ಅರಿಯದೆ ಇದ್ದೆ. ಉಂಡೆ, ಮಲಗಿದೆ, ಹೆಂಡತಿಯೊಡನೆ ಜಗಳವಾಡಿ ಕಾಲು ಅಪ್ಪಳಿಸಿಕೊಂಡು ಓಡಾಡಿದೆ. ಒಮ್ಮೆಯೂ ಕೆಳಗೆ ನೋಡಲಿಲ್ಲ. ಕೆಲಸವಿಲ್ಲದವನನ್ನು ನಮ್ಮ ಧಾರವಾಡದ ಕಡೆ ‘ಜಂತಿ ಎಣಿಸುತ್ತ ಮಲಗಿದಾನ’ ಎಂದು ಆಡಿಕೊಳ್ಳುತ್ತಾರೆ. ಆದರೆ ಅವನು ಎಣಿಸುವುದು ತಲೆಯ ಮೇಲಿನ ಜಂತಿ. ಕಾಲ ಕೆಳಗಿನ ಜಂತಿಯನ್ನು ಎಣಿಸಹೊರಟ ಮೂರ್ಖ ನಾನೊಬ್ಬನೇ ಇರಬೇಕು.

ಅದಕ್ಕೆ ಕಾರಣ ನನ್ನ ಹೊಟ್ಟೆಪಾಡು. ಕಟ್ಟಡಗಳಿಗೆ ಪರವಾನಗಿ ಕೊಡುವ ಕಚೇರಿಯೊಂದರಲ್ಲಿ ನಾನು ಟೈಪಿಸ್ಟ್. ಕಚೇರಿಯ ಹೆಸರು ಬೇಡ, ಮುಂದೆ ಪಿಂಚಣಿ ಬರಬೇಕಾಗಿದೆ. ಟೈಪಿಸ್ಟನಾದವನು ಓದುತ್ತಾನೆ ಎಂದು ಜನ ತಿಳಿದಿದ್ದಾರೆ. ಅದು ಶುದ್ಧ ತಪ್ಪು. ಅಕ್ಷರಗಳು ಕಣ್ಣಿನಿಂದ ಹೊಕ್ಕು ಬೆರಳಿನಿಂದ ಹೊರಗೆ ಹೋಗುತ್ತವೆ, ನಡುವೆ ತಲೆಯಲ್ಲಿ ಇಳಿದುಕೊಳ್ಳುವುದಿಲ್ಲ. ಹೀಗೆ ಎಷ್ಟೋ ನಿಯಮಗಳು ನನ್ನ ಮೂಲಕ ಹಾದುಹೋಗಿದ್ದವು, ನನಗೆ ಮಾತ್ರ ಒಂದೂ ತಗುಲಿರಲಿಲ್ಲ. ಆ ವರ್ಷ ವಾಸದ ಮನೆಗಳ ನೆಲ ಹೇಗಿರಬೇಕೆಂಬ ನಿಯಮಗಳನ್ನು ಹೊಸದಾಗಿ ತಿದ್ದಿ, ಚೊಕ್ಕ ಪ್ರತಿ ಮಾಡಲು ನನಗೆ ಕೊಟ್ಟರು. ಎರಡನೆಯ ಪುಟದ ನಡುವೆ ಮಶೀನಿನ ರಿಬ್ಬನ್ನು ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸುತ್ತ ಕೂತಾಗ, ಮಾಡಲು ಬೇರೆ ಏನೂ ಇಲ್ಲದೆ, ಎದುರಿಗಿದ್ದ ಕಾಗದವನ್ನು ಓದಿಬಿಟ್ಟೆ. ವಾಸದ ಕೋಣೆಯ ನೆಲ ಚದರಡಿಗೆ ನಲವತ್ತು ಪೌಂಡು ಭಾರವನ್ನು ತಾಳಬೇಕು. ಜಂತಿಗಳು ಒಂದರಿಂದೊಂದು ಇಷ್ಟೇ ದೂರ ಇರಬೇಕು, ಅವುಗಳ ತುದಿ ಗೋಡೆಯೊಳಗೆ ಇಷ್ಟು ಇಂಚು ಕೂತಿರಬೇಕು. ಕೊಳೆತ, ಹುಳು ತಿಂದ, ಬಾಗಿದ ಮರ ಸಲ್ಲದು. ಅದರ ಕೆಳಗೆ ಇನ್ನೂ ಒಂದು ಕಲಮು ಇತ್ತು. ಅಷ್ಟರಲ್ಲಿ ರಿಬ್ಬನ್ನು ಬಿಡಿಸಿಕೊಂಡಿತು. ಆ ಕಲಮನ್ನು ಎಂದಿನಂತೆ ಬೆರಳಿನಿಂದಲೇ ದಾಟಿಸಿದೆ.

ಆ ಸಂಜೆ ಮನೆಗೆ ಬಂದವನೇ ನೆಲದ ನಡುವೆ ಒಂದು ನಿಂಬೆಹಣ್ಣು ಇಟ್ಟೆ. ಅದು ಒಂದು ಗಳಿಗೆ ಯೋಚಿಸಿ, ಆಮೇಲೆ ಮೆಲ್ಲಗೆ ಹೊರಟು, ಅಡಿಗೆಯ ಮೂಲೆಯಲ್ಲಿದ್ದ ಒರಳುಕಲ್ಲಿಗೆ ಹೋಗಿ ಮುಟ್ಟಿ ನಿಂತಿತು. ಮತ್ತೊಂದು ಕಡೆಯಿಂದ ಬಿಟ್ಟೆ. ಮತ್ತೆ ಅಲ್ಲಿಗೇ ಹೋಯಿತು. ನನ್ನ ಹೆಂಡತಿ ಸುಶೀಲೆ ಕೂಸಿಗೆ ಹಾಲು ಕುಡಿಸುತ್ತ ಇದನ್ನೆಲ್ಲ ನೋಡಿದಳು. ‘ಕೂಸಿಗೆ ದೃಷ್ಟಿ ತಗೀಲಿಕ್ಕೆ ಹತ್ತೀರೇನು?’ ಎಂದಳು. ‘ನೆಲಾ ಕೂತದ,’ ಎಂದೆ. ‘ನಿಂತಿತ್ತು ಯಾವಾಗ?’ ಎಂದು ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.

ಈ ಒರಳಿನ ವಿಷಯ ಹೇಳಿಬಿಡುತ್ತೇನೆ. ಅದು ನಮ್ಮವ್ವನದು. ನಾವು ಈ ಚಾಳಿಗೆ ಬಂದ ವರ್ಷವೇ ಅವಳು ತೀರಿಕೊಂಡಳು. ಆಮೇಲೆ ಊರಲ್ಲಿದ್ದ ಪಾತ್ರೆಪಗಡೆಗಳನ್ನು ಅವರಿವರು ಹಂಚಿಕೊಂಡರು. ಭಾರವಾದದ್ದು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ರೈಲಿನಲ್ಲಿ ತಂದೆ. ಇಬ್ಬರು ಹಮಾಲರು ಅದನ್ನು ಮೆಟ್ಟಿಲು ಹತ್ತಿಸುವಾಗ ಚಾಳಿನ ಜನ ತಮ್ಮ ತಮ್ಮ ಬಾಗಿಲಲ್ಲಿ ಬಂದು ನಿಂತು ನೋಡಿದರು. ಸುಶೀಲೆ ರುಬ್ಬಲು ಕೂತರೆ ಒರಳು ಅವಳೊಡನೆ ಊರಾಡತೊಡಗಿತು. ಅಕ್ಕಿ ನುಣ್ಣಗಾಗುವಷ್ಟರಲ್ಲಿ ಇಬ್ಬರೂ ಬಾಗಿಲ ಹತ್ತಿರ ಬಂದಿರುತ್ತಿದ್ದರು. ಒರಳೆಂದರೆ ಕುತ್ತಿಗೆಯವರೆಗೆ ನೆಲದಲ್ಲಿ ಹುಗಿದಿರಬೇಕು, ನಮ್ಮವ್ವನ ಮನೆಯಲ್ಲಿ ಹಾಗೆಯೇ ಇತ್ತು. ಅದಕ್ಕೆ ನಾನೊಬ್ಬ ಬಡಿಗನನ್ನು ಕರೆಸಿ, ಹಲಗೆ ಕೊರೆಸಿ, ಕೆಳಗೆ ಪಟ್ಟಿ ಬಡಿಸಿ, ಒರಳನ್ನು ಬಾಯಿಯಷ್ಟೇ ಮೇಲೆ ಕಾಣುವಂತೆ ಕೂರಿಸಿದೆ. ನಡುವೆ ಬಡಿಗ ತಲೆ ಕೆರೆದುಕೊಂಡು, ‘ಸಾಹೇಬ್, ಬೀಚ್ ಮೇ ಲಕಡಿ ಆತಾ ಹೈ,’ ಎಂದ, ನಡುವೆ ಮರ ಅಡ್ಡ ಬರುತ್ತದಂತೆ. ‘ಕಾಟ್ ಡಾಲೋ,’ ಕಡಿದು ಹಾಕು, ಎಂದೆ. ನನ್ನ ಹಿಂದಿ ಆಗ ಚಿಕ್ಕದಿತ್ತು, ಧೈರ್ಯ ದೊಡ್ಡದಿತ್ತು. ಇಡೀ ಮುಂಬಯಿಯಲ್ಲಿ ಮಾಳಿಗೆಯ ಮೇಲೆ ಒರಳು ಹುಗಿದವನು ನಾನೊಬ್ಬನೇ ಎಂದು ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ.

ಇರಲಿ, ನಿಂಬೆಹಣ್ಣಿಗೆ ಬರೋಣ. ಅದು ಉರುಳಿದ್ದು ಬೇರೆ ದಿನಗಳಲ್ಲಾಗಿದ್ದರೆ ಶರಬತ್ತು ಮಾಡಿ ಕುಡಿದು ಸುಮ್ಮನಾಗುತ್ತಿದ್ದೆ. ಆದರೆ ಅಲ್ಲಿಂದ ಹನ್ನೆರಡು ದಿನಕ್ಕೆ ನಮ್ಮ ಕೂಸಿನ ತೊಟ್ಟಿಲ ಕಾರ್ಯವಿತ್ತು. ಮದುವೆಯಾದ ಒಂಬತ್ತು ವರ್ಷಕ್ಕೆ ಹುಟ್ಟಿದ ಮಗಳು. ಹುಟ್ಟಿದ ಹನ್ನೆರಡನೆಯ ದಿನ ಬಾಣಂತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳೆಂದು ಹೆಸರಿಡುವುದನ್ನು ಮೂರನೆಯ ತಿಂಗಳಿಗೆ ಮುಂದೂಡಿದ್ದೆವು. ಸುಶೀಲೆ ಬರೆಸಿದ ಪಟ್ಟಿಯಲ್ಲಿ ಅರವತ್ತು ಹೆಸರಿದ್ದವು. ನಾನು ಕೋಣೆಯನ್ನು ಛತ್ರಿಯಿಂದ ಅಳೆದೆ. ಹತ್ತಡಿ, ಹನ್ನೆರಡಡಿ. ಅದಕ್ಕೆ ನಲವತ್ತು ಪೌಂಡಿನ ಲೆಕ್ಕ ಹಾಕಿ, ನೆಲ ಕೂತಿದೆಯೆಂದು ಅದನ್ನು ಅರ್ಧ ಮಾಡಿ, ಮಂಚ, ಕಪಾಟು, ನೀರು ತುಂಬಿಡುವ ಪಿಂಪ, ಒರಳು ಇವನ್ನೆಲ್ಲ ಕಳೆದರೆ ಉಳಿದದ್ದು ಹದಿಮೂರು ಜನಕ್ಕೆ. ಆ ಹದಿಮೂರೂ ಜನ ಸಾಧಾರಣ ಮೈಕಟ್ಟಿನವರಾಗಿರಬೇಕು. ಹೀಗಾಗಿ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅಂದಾಜಿನ ತೂಕ ಬರೆದೆ. ಮುಂಬಯಿಯಲ್ಲಿ ನಮಗೆ ಬೇಕಾದವರೆಲ್ಲ ಇಷ್ಟು ಚೆನ್ನಾಗಿ ಉಂಡು ಬೆಳೆದವರೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಪಟ್ಟಿ ಮೊದಲು ಸಿಕ್ಕಿದ್ದು ಚೆಂಬೂರಿನಿಂದ ಕೂಸನ್ನು ನೋಡಲು ಬಂದ ನನ್ನ ಅಕ್ಕ ಚಂಪಕ್ಕನಿಗೆ. ಹೆಸರಿಡುವವಳು ಸೋದರತ್ತೆಯಾದ ಅವಳೇ, ಅವಳನ್ನು ಬಿಡುವಂತಿಲ್ಲ. ಕರೆದರೆ ಅವಳೊಬ್ಬಳೇ ಎರಡು ಜಾಗ. ಅವಳು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ನಾನು ಗೋಡೆಯ ಕಡೆಗೆ ನೋಡುತ್ತ ನಿಂತೆ. ‘ತಮ್ಮಾ,’ ಎಂದಳು, ‘ನಂದು ನೂರಾ ತೊಂಬತ್ತು ಅಂತ ಬರದೀ. ದಾದರ ಸ್ಟೇಶನ್ನಿನ ಮಶೀನ ಇನ್ನೂ ಹತ್ತು ಹೆಚ್ಚು ಹೇಳತದ. ತಿದ್ದಿಕೋ.’ ಆಮೇಲೆ ಪಟ್ಟಿಯನ್ನು ಸುಶೀಲೆಯ ಕೈಗೆ ಕೊಟ್ಟು ಕೋಣೆಗಳ ಮುಂದಿನ ಗ್ಯಾಲರಿಗೆ ಹೋಗಿ ನಿಂತಳು.

ಸುಶೀಲೆ ಕೂಗಾಡಲಿಲ್ಲ. ಅವಳು ಕೂಗಾಡದಿದ್ದಾಗ ನನಗೆ ಹೆಚ್ಚು ಭಯ. ‘ಹದಿಮೂರು ಮಂದೀನ ಕರದು ಹೆಸರಿಡಬೇಕೇನು? ಇದು ತೊಟ್ಟಿಲೋ, ಶ್ರಾದ್ಧನೋ?’ ಎಂದಳು. ನಾನು ನಿಯಮ ವಿವರಿಸತೊಡಗಿದೆ. ಅವಳು ತಡೆದಳು. ‘ಒಂಬತ್ತು ವರ್ಷ ಮಂದಿ ತೊಟ್ಟಿಲದಾಗ ಕೂತು ಹಾಡಿ ಬಂದೇನಿ. ಬಂಜಿ ಅಂತ ತಮ್ಮ ಕೂಸಿನ್ನ ನನ್ನ ಕೈಯಾಗ ಕೊಡದವರ ಮನಿಗೂ ನಕ್ಕೋತ ಹೋಗೇನಿ. ಅವರೆಲ್ಲಾ ನನ್ನ ಮನಿಗೆ ಬರಬೇಕು. ಒಬ್ಬರನ್ನೂ ಬಿಡಾಂಗಿಲ್ಲ. ನೆಲಾ ಬೀಳೋದಿದ್ರ ಎಲ್ಲಾರೂ ಕೂಡೇ ಬೀಳೋಣು.’

ಅವಳ ಕಣ್ಣಲ್ಲಿ ನೀರಿತ್ತು. ಆ ಒಂಬತ್ತು ವರ್ಷ ಅವಳು ಹಾಡಿ ಬಂದದ್ದಷ್ಟೇ ನನಗೆ ಗೊತ್ತಿತ್ತು, ನುಂಗಿಕೊಂಡು ಬಂದದ್ದು ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಪಟ್ಟಿಯನ್ನು ಹರಿದು ಹಾಕಿದೆ. ಅರವತ್ತೂ ಜನ ಬರಬೇಕು, ನೆಲ ಬೀಳಕೂಡದು, ಹನ್ನೆರಡು ದಿನದೊಳಗೆ ಈ ನೆಲವನ್ನು ನಿಯಮದ ಪ್ರಕಾರ ಮಾಡಿಸಿಯೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ನಾನು ಹಟಕ್ಕೆ ಬೀಳುವುದು ಅಪರೂಪ. ಬಿದ್ದರೆ ಯಾವ ಜಂತಿಯೂ ನನ್ನನ್ನು ತಡೆಯಲಾರದು.

ಜಂತಿಗಳು ಕೊಳೆತಿವೆ, ಅದು ಚಾಳಿನ ಮಾಲಕನ ತಪ್ಪು, ಈ ವಿಷಯದಲ್ಲಿ ನನಗೆ ಸಂದೇಹವೇ ಇರಲಿಲ್ಲ. ಅವನ ಮೇಲೆ ನಮ್ಮ ಕಚೇರಿಗೇ ಒಂದು ದೂರು ಬರೆದೆ. ನಾನೇ ಟೈಪು ಮಾಡಿದೆ, ಮೂರು ಪುಟ, ಕಾರ್ಬನ್ನಿಟ್ಟು ನಾಲ್ಕು ಪ್ರತಿ. ಮಾಲಕನ ಮೇಲಿನ ಸಿಟ್ಟು ಎರಡೂವರೆ ಪುಟಕ್ಕೆ ಮುಗಿಯಿತು. ಉಳಿದ ಜಾಗ ಹಾಳುಮಾಡಬಾರದೆಂದು ಕೆಳಗಿನ ಹೊಟೇಲಿನ ಕಂಬವನ್ನೂ ಸೇರಿಸಿದೆ. ನಮ್ಮ ಕೋಣೆಯ ನೇರ ಕೆಳಗೆ ಉಡುಪಿಯ ಕಡೆಯ ಶೀನ ಭಟ್ಟರ ಹೊಟೇಲು. ಒಳ್ಳೆಯ ಮನುಷ್ಯ. ನಾನು ಹೋದರೆ ತಾವೇ ಎದ್ದು ಬಂದು ಕಾಫಿಯ ಬಟ್ಟಲು ಇಡುವವರು. ಆದರೆ ಅವರ ಹೊಟೇಲಿನ ಮೂಲೆಯ ಮೇಜಿನ ಪಕ್ಕದಲ್ಲಿ, ಯಾವ ಅರ್ಥವೂ ಇಲ್ಲದೆ, ಒಂದು ಮರದ ಕಂಬ ನಿಂತಿತ್ತು. ಮೇಲೆ ಧೂಳು ಬೀಳದಂತೆ ಕಟ್ಟಿದ್ದ ಬಿಳಿ ಬಟ್ಟೆಯೊಳಗೆ ಅದರ ತಲೆ ಮರೆಯಾಗಿತ್ತು. ಅದಕ್ಕೊಂದು ಕನ್ನಡಿ, ಮೂರು ಗೂಟ, ಒಂದು ಕ್ಯಾಲೆಂಡರು. ದಿನಾ ಬೆಳಿಗ್ಗೆ ಅಲ್ಲಿ ಕೂರುವಾಗ ನನ್ನ ಮೊಣಕಾಲು ಅದಕ್ಕೆ ಬಡಿಯುತ್ತಿತ್ತು. ‘ಸದರಿ ಹೊಟೇಲಿನಲ್ಲಿ ಪರವಾನಗಿಯಿಲ್ಲದೆ ನಿಲ್ಲಿಸಿದ ಕಂಬವೊಂದು ಸಾರ್ವಜನಿಕರಿಗೆ ತೊಂದರೆ ಕೊಡುತ್ತಿದ್ದು, ಅದನ್ನು ಕೂಡಲೇ ತೆಗೆಸತಕ್ಕದ್ದು’ ಎಂದು ಮುಗಿಸಿದೆ. ಸಾರ್ವಜನಿಕರೆಂದರೆ ನನ್ನ ಮೊಣಕಾಲು.

ದೂರಿನ ಮೇಲೆ ಓವರ್‌ಸಿಯರ್ ಬಂದದ್ದು ಎಂಟು ದಿನ ಕಳೆದ ಮೇಲೆ. ಅದಕ್ಕಾಗಿ ನಾನು ದಿನಾ ಎರಡು ಸಲ ಅವರ ಮೇಜಿನ ಮುಂದೆ ಹೋಗಿ ನಿಂತಿದ್ದೆ. ಬೆಳಗಾವಿಯ ದೇಸಾಯರು, ಮೂವತ್ತು ವರ್ಷದಿಂದ ಬರೀ ಮರ, ಇಟ್ಟಿಗೆ, ಸುಣ್ಣ ನೋಡಿದವರು. ಅವರು ಮೇಲೆ ಬರದೆ ನೇರವಾಗಿ ಹೊಟೇಲಿಗೆ ಹೋದರು. ‘ಜಂತಿ ನೋಡಬೇಕಾದ್ರ ಕೆಳಗಿನಿಂದ ನೋಡಬೇಕು,’ ಎಂದು ಏಣಿ ತರಿಸಿ, ಬಟ್ಟೆ ಬಿಚ್ಚಿಸಿದರು. ನಾನು, ಭಟ್ಟರು, ಇಡ್ಲಿ ತಿನ್ನುತ್ತಿದ್ದ ಹತ್ತು ಹನ್ನೆರಡು ಗಿರಾಕಿಗಳು ಎಲ್ಲರೂ ಕುತ್ತಿಗೆ ಎತ್ತಿ ನೋಡಿದೆವು. ದೇಸಾಯರು ಕಿಸೆಯಿಂದ ಚಾಕು ತೆಗೆದು ಒಂದೊಂದೇ ಜಂತಿಗೆ ಚುಚ್ಚುತ್ತ ಹೋದರು. ‘ಬರ್ಮಾ ಸಾಗವಾನಿ. ಏಕದಂ ಫಸ್ಟ್ ಕ್ಲಾಸ್. ಗ್ಯಾಪು ಬರೋಬ್ಬರಿ, ಗ್ವಾಡಿ ಒಳಗ ಕೂತದ್ದೂ ಬರೋಬ್ಬರಿ. ನಿಮ್ಮ ಮಾಲಕನ ಅಪ್ಪ ಪುಣ್ಯವಂತ ನೋಡ್ರಿ.’ ಆಮೇಲೆ ಮೂಲೆಗೆ ಬಂದು ತಟ್ಟನೆ ನಿಂತರು. ‘ಕಾಯ್ ಹೋ ಹೇ? ಇದೇನ್ರಿ ಇದು?’

ಮೂಲೆಯಲ್ಲಿ ಎರಡು ಪಟ್ಟಿಗಳ ನಡುವಿನಿಂದ ನಮ್ಮವ್ವನ ಒರಳಿನ ಹೊಟ್ಟೆ ಕೆಳಗೆ ಇಳಿದಿತ್ತು. ಅದರ ಪಕ್ಕದ ಜಂತಿಯನ್ನು ನನ್ನ ಬಡಿಗ ಅರ್ಧಕ್ಕರ್ಧ ಕಡಿದು ಕಚ್ಚು ತೆಗೆದಿದ್ದ. ಕಚ್ಚು ತೆಗೆದ ಜಾಗದ ಸರಿಯಾಗಿ ಕೆಳಗೆ, ತಲೆಯ ಮೇಲೆ ಹಲಗೆಯ ತುಂಡೊಂದನ್ನು ಇಟ್ಟುಕೊಂಡು, ಕನ್ನಡಿ, ಗೂಟ, ಕ್ಯಾಲೆಂಡರುಗಳ ಸಮೇತ ಆ ಕಂಬ ನಿಂತಿತ್ತು. ಇಷ್ಟು ವರ್ಷ ನನ್ನ ಮೊಣಕಾಲಿಗೆ ಬಡಿದದ್ದು ನನ್ನ ಸಂಸಾರವನ್ನೇ ಹೊತ್ತುಕೊಂಡಿತ್ತು.

‘ಜಂತಿಗೆ ಕಚ್ಚು ಹಾಕಬಾರದು ಅಂತ ಕಲಮ ಅದಲ್ರೀ. ಕೊಳೆತ ಮರದ ಕಲಮಿನ ಕೆಳಗೇ ಅದ. ಹೋದ ವಾರ ನೀವೇ ಟೈಪ್ ಮಾಡೀರಿ,’ ಎಂದರು ದೇಸಾಯರು ಏಣಿಯ ಮೇಲಿಂದ. ನನಗೆ ಆ ರಿಬ್ಬನ್ನು ನೆನಪಾಯಿತು. ಇನ್ನೊಂದು ನಿಮಿಷ ಸಿಕ್ಕಿಹಾಕಿಕೊಂಡಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಭಟ್ಟರು ತಪ್ಪು ಮಾಡಿದವರಂತೆ ಹೆಗಲ ಮೇಲಿನ ಬಟ್ಟೆಯಿಂದ ಕೈ ಒರಸಿಕೊಳ್ಳುತ್ತಿದ್ದರು. ‘ಎಂತ ಹೇಳುವುದು ಮಾರಾಯ್ರೆ. ನೀವು ಕಲ್ಲು ಕೂರಿಸಿದ ವಾರಕ್ಕೇ ಸಾಂಬಾರಿಗೆ ಧೂಳು ಬೀಳ್ಳಿಕ್ಕೆ ಶುರುವಾಯ್ತು. ಏಣಿ ಹತ್ತಿ ನೋಡಿದ್ರೆ ಹೀಗೆ ಉಂಟು. ಅವತ್ತೇ ಕಂಬ ಕೊಟ್ಟೆ.’

‘ನನಗೊಂದು ಮಾತು ಹೇಳಬಾರದಾಗಿತ್ತೇನ್ರಿ ಭಟ್ರ?’

‘ಹೇಗೆ ಹೇಳುವುದು? ನೀವು ಕಟ್ಟಡದ ಆಫೀಸಿನವರಲ್ವಾ? ಕಂಬಕ್ಕೆ ಪರವಾನಗಿ ಇಲ್ಲ. ನಿಮಗೆ ಗೊತ್ತಾದ್ರೆ ತೆಗೆಸ್ತೀರಿ ಅಂತ ಹೆದರಿಕೆ. ಅದಕ್ಕೇ ನೀವು ಬಂದಾಗೆಲ್ಲ ನಾನೇ ಕಾಫಿ ತರುವುದು.’

ಒಂಬತ್ತು ವರ್ಷದ ಆ ಮರ್ಯಾದೆಯೆಲ್ಲ ನನ್ನ ವ್ಯಕ್ತಿತ್ವಕ್ಕೆ ಸಂದದ್ದೆಂದು ನಾನು ತಿಳಿದಿದ್ದೆ. ಅಷ್ಟರಲ್ಲಿ ದೇಸಾಯರು ಏಣಿ ಇಳಿದು, ನನ್ನ ದೂರನ್ನು ತೆಗೆದು, ಗಿರಾಕಿಗಳೆಲ್ಲ ಕೇಳುವಂತೆ ಅದರ ಕೊನೆಯ ಪರಿಚ್ಛೇದವನ್ನು ಓದಿ ಹೇಳಿದರು. ‘ಅದನ್ನು ಕೂಡಲೇ ತೆಗೆಸತಕ್ಕದ್ದು’ ಎಂಬಲ್ಲಿಗೆ ಬಂದಾಗ ಭಟ್ಟರು ನನ್ನ ಮುಖವನ್ನೊಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಒಳಗೆ ಹೋಗಿ, ಎಂದಿನಂತೆ ಕಾಫಿ ತಂದು ನನ್ನ ಮುಂದೆ ಇಟ್ಟರು. ಅಂಥ ಕಹಿ ಕಾಫಿ ನಾನು ಕುಡಿದದ್ದಿಲ್ಲ.

ತೊಟ್ಟಿಲಿಗೆ ಇನ್ನು ನಾಲ್ಕೇ ದಿನ. ಕಂಬ ತೆಗೆಸಬೇಕೆಂದು ನಾನೇ ಬರೆದುಕೊಟ್ಟಿದ್ದೆ, ಕಂಬ ಹೋದರೆ ನೆಲ ಹೋಗುತ್ತದೆ. ನನ್ನ ಹಟಕ್ಕೆ ಈಗ ಮಗ್ಗುಲು ಬದಲಿಸುವ ಕೆಲಸ ಬಂತು. ದೂರು ಬರೆದ ಬೆರಳುಗಳಿಂದಲೇ ದೂರಿನ ಮೇಲೊಂದು ದೂರು ಟೈಪು ಮಾಡಿ, ಸದರಿ ಕಂಬ ಸಾರ್ವಜನಿಕರಿಗೆ ಅತ್ಯಂತ ಉಪಕಾರಿಯಾಗಿದೆ ಎಂದು ಬರೆದೆ. ದೇಸಾಯರು ಅದನ್ನು ಓದಿ ಕಣ್ಣೊರಸಿಕೊಳ್ಳುವವರೆಗೆ ನಕ್ಕರು. ಕೊನೆಗೆ ದಾರಿ ಹೇಳಿಕೊಟ್ಟರು. ಒರಳು ಎತ್ತಿ, ಆ ತೂತಿಗೆ ಹಲಗೆ ಬಡಿಸಬೇಕು. ಕಚ್ಚು ತೆಗೆದ ಜಂತಿಯ ಎರಡೂ ಮಗ್ಗುಲಿಗೆ, ಗೋಡೆಯಿಂದ ಗೋಡೆಯವರೆಗೆ, ಹೊಸ ಮರ ಕೊಟ್ಟು ಬೋಲ್ಟು ಬಿಗಿಯಬೇಕು. ಅದು ಸರಿಯಾಗಿದೆಯೆಂದು ಅವರು ಬಂದು ನೋಡುವವರೆಗೆ ಕಂಬ ಇರಬಹುದು. ಹೊಟೇಲಿಗೆ ಪರವಾನಗಿಯ ಕಿರಿಕಿರಿ ಆಗದಂತೆ ತಾವು ನೋಡಿಕೊಳ್ಳುವುದಾಗಿಯೂ ಹೇಳಿದರು.

ಅವ್ವನ ಒರಳು ಎತ್ತಬೇಕೆಂದಾಗ ಸುಶೀಲೆ ಏನನ್ನುತ್ತಾಳೋ ಎಂದು ನನಗೆ ಅಳುಕಿತ್ತು. ಅವಳು ಅರಿಸಿನ ಕುಂಕುಮ ತಂದು ಒರಳಿಗೆ ಹಚ್ಚಿ, ‘ಅತ್ತಿ, ಮೊಮ್ಮಗಳ ಸಲುವಾಗಿ ಸ್ವಲ್ಪ ಏಳ್ರಿ,’ ಎಂದಳು. ಮೂರು ದಿನ ನಾನು ರಜೆ ಹಾಕಿ ಬಡಿಗನ ಬೆನ್ನು ಬಿಡದೆ ನಿಂತೆ. ಒಂದೊಂದು ಬೋಲ್ಟನ್ನೂ ಕೈಯಿಂದ ತಿರುಗಿಸಿ ನೋಡಿದೆ. ಹಿಂದಿನ ದಿನ ಸಂಜೆ ನೆಲದ ನಡುವೆ ನಿಂಬೆಹಣ್ಣು ಇಟ್ಟಾಗ ಅದು ಇಟ್ಟಲ್ಲೇ ಕೂತಿತು.

ತೊಟ್ಟಿಲಿಗೆ ಅರವತ್ತಲ್ಲ, ಎಪ್ಪತ್ತರ ಮೇಲೆ ಬಂದರು. ಗೋರೆಗಾಂವ್‌ನಿಂದ, ಆಂಟಾಪ್ ಹಿಲ್‌ನಿಂದ, ಎಲ್ಲೆಲ್ಲಿಂದಲೋ ಲೋಕಲ್ಲು, ಬಸ್ಸು ಹಿಡಿದು ಬಂದು ನಮ್ಮ ಹತ್ತಡಿಯಲ್ಲಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ನಾನು ಬಾಗಿಲಲ್ಲಿ ನಿಂತು ಕೈಮುಗಿಯುತ್ತ, ಮನಸ್ಸಿನಲ್ಲೇ ಪೌಂಡುಗಳನ್ನು ಕೂಡಿಸುತ್ತಿದ್ದೆ. ಚಂಪಕ್ಕ ಒಳಗೆ ಕಾಲಿಟ್ಟಾಗ ಲೆಕ್ಕ ಕೈತಪ್ಪಿತು. ತಟ್ಟನೆ ಒಂದು ವಿಷಯ ಹೊಳೆಯಿತು. ಇಷ್ಟು ದಿನದ ಲೆಕ್ಕದಲ್ಲಿ ನನ್ನ ತೂಕವನ್ನೇ ನಾನು ಹಿಡಿದಿರಲಿಲ್ಲ! ಕನಿಷ್ಠ ಅಷ್ಟಾದರೂ ಭಾರ ಇಳಿಸೋಣವೆಂದು ಸದ್ದಿಲ್ಲದೆ ಮೆಟ್ಟಿಲಿಳಿದು ಹೊಟೇಲಿಗೆ ಬಂದೆ. ಕಂಬವನ್ನು ಎರಡೂ ಕೈಯಿಂದ ಹಿಡಿದು, ಮೇಲೆ ನೋಡುತ್ತ ನಿಂತೆ.

ಮೇಲೆ ಹಾಡು ಕೇಳಿಸಿತು. ಕೂಸನ್ನು ತೊಟ್ಟಿಲ ಕೆಳಗೂ ಮೇಲೂ ದಾಟಿಸುತ್ತಿರಬೇಕು ಎಂದುಕೊಂಡೆ. ಆಮೇಲೆ ಎಲ್ಲ ಒಮ್ಮೆಗೇ ಸುಮ್ಮನಾದರು. ಚಂಪಕ್ಕ ಕಿವಿಯಲ್ಲಿ ಹೆಸರು ಹೇಳುವ ಹೊತ್ತು. ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವುದು ನಮ್ಮ ಪದ್ಧತಿ. ಧಬ್ ಧಬ್ ಎಂದು ಕೇಳಿಸಿತು, ನಗು ಕೇಳಿಸಿತು. ನಾನು ಕಣ್ಣು ಮುಚ್ಚಿದೆ. ಸಾಂಬಾರಿನೊಳಗೆ ಒಂದು ಕಣ ಧೂಳೂ ಬೀಳಲಿಲ್ಲ.

‘ಮೇಲೆ ಹೋಗಿ ಮಾರಾಯ್ರೆ,’ ಎಂದರು ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದ. ‘ಒಂಬತ್ತು ವರ್ಷ ಅದೊಂದೇ ನಿಂತದ್ದು. ಇವತ್ತು ನಿಮ್ಮ ಸಹಾಯ ಎಂತಕ್ಕೆ? ಅಪ್ಪ ಅಲ್ವಾ ನೀವು?’

ಓಡಿದೆ. ಬಾಗಿಲಿಗೆ ಬರುವಷ್ಟರಲ್ಲಿ ಹೆಸರು ಇಟ್ಟಾಗಿತ್ತು. ನಾನು ಇಲ್ಲದ್ದನ್ನು ಯಾರೂ ಗಮನಿಸಿರಲಿಲ್ಲ. ಸುಶೀಲೆ ಹಸಿರು ಸೀರೆಯಲ್ಲಿ ಕೂಸನ್ನೆತ್ತಿಕೊಂಡು ಗುಂಪಿನ ನಡುವೆ ದಾಟುತ್ತಿದ್ದಳು. ಗೋಡೆಗೆ ಒರಗಿ ಕೂತ ಒಬ್ಬ ಹೆಂಗಸಿನ ಮುಂದೆ ನಿಂತಳು. ಆಕೆ ಯಾರೆಂದು ಅವಳು ನನಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಹೆಂಗಸು ತಲೆ ತಗ್ಗಿಸಿದಳು. ಸುಶೀಲೆ ಬಗ್ಗಿ, ‘ತಗೋರಿ ವೈನಿ, ಎತಗೋರಿ,’ ಎಂದು ಮಗಳನ್ನು ಆಕೆಯ ಮಡಿಲಲ್ಲಿ ಇಟ್ಟಳು. ಆ ಹೊತ್ತಿಗೆ ನೆಲ ಕುಸಿದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದವನಾಗುತ್ತಿದ್ದೆ. ಆದರೆ ಕಚೇರಿಯಲ್ಲಿ ಒಮ್ಮೆ ಹುಟ್ಟಿದ ಕಾಗದ ಸಾಯುವುದಿಲ್ಲ. ಮರುವಾರ ನನ್ನ ಮೇಜಿಗೆ ಟೈಪಿಗಾಗಿ ಬಂದ ಕಾಗದಗಳ ಮೇಲುಗಡೆಯೇ ಒಂದು ನೋಟೀಸಿನ ಕರಡು ಇತ್ತು. ಕೆಳಗೆ ದೇಸಾಯರ ಸಹಿ, ಮೇಲೆ ನನ್ನ ಹೆಸರು. ಪರವಾನಗಿಯಿಲ್ಲದೆ ಜಂತಿಗೆ ಕಚ್ಚು ಹಾಕಿಸಿದ ಬಾಡಿಗೆದಾರನಿಗೆ ತಾಕೀತು. ಈ ಸಲ ರಿಬ್ಬನ್ನು ಎಲ್ಲಿಯೂ ಸಿಕ್ಕಿಹಾಕಿಕೊಳ್ಳಲಿಲ್ಲ, ಆದರೂ ಒಂದೊಂದು ಶಬ್ದವನ್ನೂ ಓದಿದೆ. ಕೊನೆಯಲ್ಲಿ, ಇಂಥ ನೋಟೀಸುಗಳಲ್ಲೆಲ್ಲ ಇರುವ, ನಾನೇ ನೂರಾರು ಸಲ ಟೈಪಿಸಿದ ಸಾಲು: ‘ಇನ್ನು ಮುಂದೆ ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ವಿಷಯ ಬಲ್ಲವರನ್ನು ವಿಚಾರಿಸತಕ್ಕದ್ದು.’

ಸರಿಯಾದ ಮಾತು. ಒರಳು ಇನ್ನೂ ಗ್ಯಾಲರಿಯಲ್ಲಿ ಕೂತು ಚಾಳಿನವರ ಕಾಲ್ಬೆರಳು ಒಡೆಯುತ್ತಿತ್ತು, ಅದಕ್ಕೊಂದು ಜಾಗ ಆಗಬೇಕಾಗಿತ್ತು. ಸಂಜೆ ನೇರವಾಗಿ ಭಟ್ಟರ ಹತ್ತಿರ ಹೋಗಿ ವಿಚಾರಿಸಿದೆ. ಅವರು ಒಳಗಡೆಗೆ ಕೈ ತೋರಿಸಿದರು. ‘ನಮ್ಮ ಅಡಿಗೆಮನೆಯಲ್ಲಿ ಒಂದು ಮೂಲೆ ಉಂಟು. ಕೆಳಗೆ ಬರೀ ಮಣ್ಣು. ಕುತ್ತಿಗೆವರೆಗೂ ಹುಗೀಬಹುದು. ನಿಮ್ಮ ಮನೆಯವರು ಬಂದು ಬೇಕಾದಾಗ ರುಬ್ಬಿಕೊಳ್ಳಲಿ, ಇಲ್ಲದಾಗ ನಮ್ಮ ಚಟ್ನಿಗೆ ಆಯ್ತು. ಆದ್ರೆ ಅದಕ್ಕೆ ಪರವಾನಗಿ ಏನಾದ್ರೂ ಬೇಕಾ? ನಿಮ್ಮ ಆಫೀಸಿನವರ ಹತ್ರ ಒಂದು ಮಾತು ಕೇಳಿ ನೋಡಿ.’

ನಾನು ಕಾಫಿಯ ಬಟ್ಟಲನ್ನು ಕೆಳಗಿಟ್ಟೆ.

‘ಅವರನ್ನೇನು ಕೇಳತೀರಿ ಭಟ್ರ,’ ಎಂದೆ. ‘ಅವರೆಲ್ಲಾ ಬರೇ ಟೈಪ್ ಮಾಡೋ ಮಂದಿ.’